ಸೋಡಚೀಟಿಯೋ, ಡಿಕ್ರಿಯೋ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ವಿಚ್ಛೇದನದ ದಾರಿಯನ್ನೂ ವಕೀಲರನ್ನೂ ಆರಿಸುವ ಮುನ್ನ

ನಮ್ಮ ಮನೆಯ ಟ್ರಂಕಿನ ತಳದಲ್ಲಿ ನೂರು ರೂಪಾಯಿಯ ಒಂದು ಬಾಂಡ್ ಕಾಗದ ಇನ್ನೂ ಇದೆ. 2019ರ ಬೇಸಿಗೆಯಲ್ಲಿ ಆಳಂದ ತಾಲ್ಲೂಕಿನ ನಮ್ಮೂರಿನ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕುಳಿತು ಬರೆಸಿದ ಸೋಡಚೀಟಿ ಅದು. ‘ಇಂದಿನಿಂದ ಇವರಿಬ್ಬರಲ್ಲಿ ಗಂಡ ಹೆಂಡತಿ ಸಂಬಂಧ ಇರುವುದಿಲ್ಲ, ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲ’ ಎಂದು ಟೈಪು ಮಾಡಿಸಿ, ಐವರು ಪಂಚರ ಸಹಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿದ್ದರು. ನನ್ನ ತಂಗಿಯ ಸಹಿ ಓರೆಯಾಗಿ ಬಿದ್ದಿದೆ. ಎರಡು ವರ್ಷದ ಮಗಳು ಅವಳ ತೊಡೆಯ ಮೇಲೆ ಕುಳಿತು ಪೆನ್ನು ಹಿಡಿದ ಕೈಯನ್ನು ಎಳೆಯುತ್ತಿದ್ದಳು. ಕಾಕಾ ಎಲ್ಲರಿಗೂ ಚಹಾ ತರಿಸಿದರು. ಮುಗಿಯಿತು ಎಂದುಕೊಂಡು ಎಲ್ಲರೂ ಎದ್ದರು.

ಮಗಳ ಖರ್ಚಿಗೆಂದು ಸೊಲ್ಲಾಪುರದ ಗಂಡನ ಮನೆಯಿಂದ ಬರಬೇಕಿದ್ದ ಹಣ ಆರು ತಿಂಗಳಿಗೆ ನಿಂತಿತು. ಆ ಕಾಗದ ಹಿಡಿದು ಕಲಬುರಗಿಯ ವಕೀಲರೊಬ್ಬರ ಬಳಿ ಹೋದೆವು. ಅವರು ಓದಿ, ಮಡಚಿ, ವಾಪಸ್ಸು ಕೊಟ್ಟು ಹೇಳಿದರು: ‘ಕಾನೂನಿನ ಲೆಕ್ಕದಲ್ಲಿ ನಿಮ್ಮ ತಂಗಿ ಇವತ್ತಿಗೂ ಅವರ ಹೆಂಡತಿಯೇ.’ ಅಲ್ಲಿಂದ 2023ರಲ್ಲಿ ಡಿಕ್ರಿ, ಅಂದರೆ ನ್ಯಾಯಾಲಯದ ವಿಚ್ಛೇದನದ ತೀರ್ಪು, ಕೈಗೆ ಬರುವ ತನಕ ಇಬ್ಬರು ವಕೀಲರನ್ನು ಕಂಡೆವು, ಒಂದು ತಪ್ಪು ದಾರಿಯಲ್ಲಿ ಬಹಳ ದೂರ ಹೋಗಿ ಹಿಂದಿರುಗಿದೆವು.

ಈಗ ಯಾರಾದರೂ ನನ್ನನ್ನು ‘ಒಳ್ಳೆಯ ವಕೀಲರು ಯಾರಿದ್ದಾರೆ’ ಎಂದು ಕೇಳಿದರೆ ಮೊದಲು ಒಂದು ಹಾಳೆ ಕೊಡುತ್ತೇನೆ. ನಿಮಗೆ ಬೇಕಾದದ್ದು ಏನೆಂದು ಅದರಲ್ಲಿ ಬರೆಯಿರಿ ಎನ್ನುತ್ತೇನೆ. ಬಿಡುಗಡೆಯೋ, ತಿಂಗಳ ಖರ್ಚೋ, ಮಗುವೋ, ಕೊಟ್ಟ ಬಂಗಾರವೋ, ಹೊಡೆತದಿಂದ ರಕ್ಷಣೆಯೋ? ಇವುಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಬಾಗಿಲು ಇದೆ. ಆ ಹಾಳೆ ಬರೆಯದೆ ಹೋದವರ ಕೈಗೆ ವಕೀಲರು ತಮಗೆ ರೂಢಿಯಾದ ಅರ್ಜಿಯನ್ನು ಕೊಡುತ್ತಾರೆ. ನಮಗೆ ಆದದ್ದು ಅದೇ.

ಹಿರಿಯರ ಮುಂದಿನ ಕಾಗದ

ಸೋಡಚೀಟಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಿರಿಯರು ಕುಳಿತು ಮಾತನಾಡಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ಸಾಮಾನು, ಬಂಗಾರ ಮರಳಿ ಬಂದಿವೆ. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ರೂಢಿಯಲ್ಲಿರುವ ವಿಚ್ಛೇದನವನ್ನು ಮಾನ್ಯ ಮಾಡುತ್ತದೆ ಕೂಡ. ಆದರೆ ನಮ್ಮ ಸಮಾಜದಲ್ಲಿ ಅಂಥ ರೂಢಿ ಹಿಂದಿನಿಂದ ತಪ್ಪದೆ ನಡೆದುಬಂದಿದೆ ಎಂದು ಹೇಳುವವರೇ ಅದನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ಅದು ಸುಲಭದ ಕೆಲಸವಲ್ಲ. ಇನ್ನು ನೋಟರಿಯ ಮುದ್ರೆಗೆ ಮದುವೆಯನ್ನು ಮುರಿಯುವ ಅಧಿಕಾರವೇ ಇಲ್ಲ.

ಪೆಟ್ಟು ಬೀಳುವುದು ಮುಂದೆ. ಬಾಂಡ್ ಕಾಗದವನ್ನು ನಂಬಿ ಗಂಡು ಇನ್ನೊಂದು ಮದುವೆಯಾದರೆ ಅಥವಾ ಹೆಣ್ಣನ್ನು ಉಡಿಕೆ (ಮರುಮದುವೆ) ಮಾಡಿ ಕೊಟ್ಟರೆ ಆ ಎರಡನೇ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಮೊದಲ ಸಂಗಾತಿ ದೂರು ಕೊಟ್ಟರೆ ದ್ವಿಪತ್ನಿತ್ವದ ಮೊಕದ್ದಮೆಯಾಗುತ್ತದೆ, ಏಳು ವರ್ಷದ ತನಕ ಶಿಕ್ಷೆ ಇದೆ. ಸರ್ಕಾರಿ ನೌಕರರ ಕುಟುಂಬಗಳಲ್ಲಿ ಪಿಂಚಣಿಯ ಹೊತ್ತಿಗೆ ಈ ತೊಡಕು ಹೊರಗೆ ಬರುತ್ತದೆ. ಹಿರಿಯರ ಮುಂದೆ ಆದ ಒಪ್ಪಂದವನ್ನು ಎಸೆಯಬೇಡಿ. ಅದರಲ್ಲಿ ಬರೆದ ಷರತ್ತುಗಳನ್ನೇ ಇಟ್ಟುಕೊಂಡು ಜಂಟಿ ಅರ್ಜಿಯನ್ನು ನ್ಯಾಯಾಲಯಕ್ಕೆ ಒಯ್ಯಿರಿ.

ಯಾವ ಕಾನೂನು ನಿಮ್ಮದು

ಹಿಂದೂ ವಿವಾಹ ಕಾಯ್ದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರು ಹಿಡಿದೇ ತನ್ನೊಳಗೆ ಸೇರಿಸಿಕೊಂಡಿದೆ. ಬೌದ್ಧರು, ಜೈನರು, ಸಿಖ್ಖರೂ ಅದರೊಳಗೇ ಬರುತ್ತಾರೆ. ಕಲಬುರಗಿಯಲ್ಲಿ ಬೌದ್ಧ ಪದ್ಧತಿಯಲ್ಲಿ ಮದುವೆಯಾದವರೂ ಬೀದರಿನ ಸಿಖ್ ಕುಟುಂಬದವರೂ ‘ನಮಗೆ ಬೇರೆ ಕಾನೂನು’ ಎಂದು ತಿಳಿಯಬೇಕಿಲ್ಲ. ಪರಿಶಿಷ್ಟ ಪಂಗಡದವರ ಮಾತು ಬೇರೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ ಎಂದು 2ನೇ ಕಲಮಿನಲ್ಲಿಯೇ ಇದೆ. ಸುರಪುರ, ಶಹಾಪುರ ಕಡೆಯ ನಾಯಕ ಸಮುದಾಯದವರು ವಕೀಲರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಗಡಿಯಲ್ಲಿ ಇನ್ನೊಂದು ತೊಡಕಿದೆ. ಲಂಬಾಣಿಗರು ನಮ್ಮಲ್ಲಿ ಪರಿಶಿಷ್ಟ ಜಾತಿ, ಪಕ್ಕದ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಈ ಕಡೆಯ ತಾಂಡಾದ ಹುಡುಗಿಯನ್ನು ಆ ಕಡೆಗೆ ಕೊಟ್ಟಿದ್ದರೆ ಅರ್ಜಿ ಬರೆಯುವ ಮೊದಲೇ ಇದನ್ನು ವಕೀಲರ ಗಮನಕ್ಕೆ ತನ್ನಿ.

ಮುಸ್ಲಿಂ ದಂಪತಿಗಳಿಗೆ ಹೆಂಡತಿಯೇ ಕೇಳಿ ಪಡೆಯುವ ಖುಲಾ, ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರಾತ್ ದಾರಿಗಳಿವೆ. ಗಂಡ ಒಪ್ಪದಿದ್ದರೆ ಹೆಂಡತಿ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋಗಬಹುದು. ಎರಡು ವರ್ಷ ಜೀವನಾಂಶ ಕೊಡದಿರುವುದು, ನಾಲ್ಕು ವರ್ಷ ಗಂಡನ ಸುಳಿವೇ ಇಲ್ಲದಿರುವುದು ಅಲ್ಲಿ ಸಾಕಾಗುವ ಕಾರಣಗಳು. ಒಂದೇ ಉಸಿರಿನ ಮೂರು ತಲಾಕ್ ಊರ್ಜಿತವಲ್ಲ. 2019ರ ಕಾಯ್ದೆಯ ಪ್ರಕಾರ ಅದು ಮೂರು ವರ್ಷದ ತನಕ ಶಿಕ್ಷೆಯ ಅಪರಾಧ. ಕಾಜಿಯವರಿಂದ ಖುಲಾನಾಮೆ ಪಡೆದವರು ಅಷ್ಟಕ್ಕೇ ನಿಲ್ಲಬೇಡಿ, ಕೌಟುಂಬಿಕ ನ್ಯಾಯಾಲಯದಿಂದ ವೈವಾಹಿಕ ಸ್ಥಿತಿಯ ಘೋಷಣೆಯನ್ನೂ ಪಡೆಯಿರಿ. ನಿಕಾಹನಾಮೆ ಉರ್ದುವಿನಲ್ಲಿದ್ದರೆ ಅನುವಾದವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಮದುವೆಯಾದವರಿಗೆ ಅದೇ ಕಾಯ್ದೆ.

ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿದ ಹುಡುಗಿಯರ ಸಂಗತಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಇವತ್ತಿಗೂ ಎದುರಾಗುತ್ತದೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ನಂತರ ಅಂಥ ಮದುವೆ ಮೂಲದಲ್ಲಿಯೇ ಅನೂರ್ಜಿತ. ಅಲ್ಲಿ ಕೇಳಬೇಕಾದದ್ದು ವಿಚ್ಛೇದನವನ್ನಲ್ಲ, ಮದುವೆಯೇ ಇರಲಿಲ್ಲ ಎಂಬ ಘೋಷಣೆಯನ್ನು. ಇದನ್ನು ತಿಳಿಯದ ವಕೀಲರ ಕೈಗೆ ಆ ಹುಡುಗಿಯ ಅರ್ಜಿ ಕೊಡಬೇಡಿ.

ಒಪ್ಪಿಗೆಯ ಅರ್ಜಿ, ತಕರಾರಿನ ಅರ್ಜಿ

ಹಿಂದೂ ವಿವಾಹ ಕಾಯ್ದೆಯ ಮಟ್ಟಿಗೆ ಹೇಳುವುದಾದರೆ ದಾರಿ ಎರಡು. ಇಬ್ಬರೂ ಒಪ್ಪಿದರೆ 13ಬಿ ಕಲಮು. ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು, ಜಂಟಿ ಅರ್ಜಿ ಹಾಕಬೇಕು, ಆರು ತಿಂಗಳ ನಂತರ ಹದಿನೆಂಟು ತಿಂಗಳ ಒಳಗೆ ಮತ್ತೆ ಬಂದು ‘ಈಗಲೂ ನಮ್ಮ ಮಾತು ಇದೇ’ ಎನ್ನಬೇಕು. ಎಲ್ಲ ವ್ಯವಹಾರ ತೀರಿದ್ದು ರಾಜಿಯ ಆಸೆಯೂ ಉಳಿಯದಿದ್ದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು ಎಂಬುದನ್ನು ಮರೆಯಬೇಡಿ. ಹಣ, ಬಂಗಾರ ಎಲ್ಲವನ್ನೂ ಮೊದಲ ದಿನವೇ ಕೊಟ್ಟು ಕುಳಿತ ಗಂಡಸರು ಇಲ್ಲಿ ಸಿಕ್ಕಿಬಿದ್ದಿದ್ದಾರೆ. ಡಿಕ್ರಿಯ ನಂತರ ಕೊಡುತ್ತೇನೆ ಎಂಬ ಮಾತನ್ನು ನಂಬಿದ ಹೆಂಗಸರೂ ಸಿಕ್ಕಿಬಿದ್ದಿದ್ದಾರೆ. ಅರ್ಧವನ್ನು ಮೊದಲ ಹಾಜರಾತಿಯಲ್ಲಿ, ಅರ್ಧವನ್ನು ಕೊನೆಯ ದಿನ ನ್ಯಾಯಾಧೀಶರ ಎದುರಿಗೇ ಡಿಮಾಂಡ್ ಡ್ರಾಫ್ಟಿನಲ್ಲಿ ಎಂದು ಬರೆಸಿಕೊಂಡರೆ ಇಬ್ಬರಿಗೂ ಧೈರ್ಯ.

ಒಬ್ಬರು ಒಪ್ಪದಿದ್ದರೆ 13ನೇ ಕಲಮಿನ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕು. ನಮ್ಮ ಕಡೆ ಹೆಚ್ಚಾಗಿ ಬರುವುದು ಕ್ರೌರ್ಯ ಮತ್ತು ಎರಡು ವರ್ಷದ ಪರಿತ್ಯಾಗ. ಮದುವೆಯಾಗಿ ಒಂದು ವರ್ಷ ತುಂಬದೆ ಸಾಮಾನ್ಯವಾಗಿ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ‘ನಮ್ಮ ಸಂಸಾರ ಸರಿಪಡಿಸಲಾಗದಷ್ಟು ಮುರಿದಿದೆ’ ಎಂಬ ಒಂದೇ ಕಾರಣದ ಮೇಲೆ ಜಿಲ್ಲೆಯ ನ್ಯಾಯಾಲಯ ಬಿಡುಗಡೆ ಕೊಡಲಾರದು. ಆ ಅಧಿಕಾರ ಇರುವುದು ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ. ತಕರಾರಿನ ಅರ್ಜಿಯಲ್ಲಿ ನೋಟಿಸು, ಮಧ್ಯಸ್ಥಿಕೆ, ತಕರಾರು ಹೇಳಿಕೆ, ಸಾಕ್ಷಿ, ಪಾಟಿ ಸವಾಲು, ವಾದ ಇಷ್ಟೂ ದಾಟಬೇಕು. ವರ್ಷಗಳು ಹಿಡಿಯುತ್ತವೆ. ತೊಗರಿ ರಾಶಿಯ ಹೊತ್ತಿಗೇ ತಾರೀಖು ಬಂದು ಅಪ್ಪ ಹೊಲ ಬಿಟ್ಟು ಕೋರ್ಟಿನ ಕಟ್ಟೆಯ ಮೇಲೆ ಕುಳಿತದ್ದು ನನಗೆ ನೆನಪಿದೆ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಎದುರಿನವರು ನೂರರಲ್ಲಿ ಅರವತ್ತು ಒಪ್ಪುತ್ತಾರೆ ಎಂದಾದರೆ ಒಪ್ಪಿಗೆಯ ದಾರಿಗೇ ಹೋಗಿ. ಜೀವಭಯ ಇದ್ದರೆ, ಆಸ್ತಿ ಮುಚ್ಚಿಡುತ್ತಿದ್ದರೆ, ಮಗುವನ್ನು ಎತ್ತಿಕೊಂಡು ಹೋಗಿದ್ದರೆ ಮಾತ್ರ ಮೊದಲು ತಕರಾರಿನ ಅರ್ಜಿ. ಮಧ್ಯಸ್ಥಿಕೆ ಕೇಂದ್ರದಲ್ಲಿ ನಡುವೆ ಎಂದು ಬೇಕಾದರೂ ದಾರಿ ಬದಲಿಸಬಹುದು. ನಾವು ಎರಡೂವರೆ ವರ್ಷದ ನಂತರ ಹಾಗೆಯೇ ಬದಲಿಸಿದೆವು.

ಬಿಡುಗಡೆಯೇ ಬೇಕೆಂದಿಲ್ಲದವರಿಗೆ

ಅನೇಕ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ಬೇಕಿರುವುದು ಡಿಕ್ರಿಯಲ್ಲ, ತಿಂಗಳ ಅಕ್ಕಿ ಬೇಳೆ. ಮೊದಲು 125 ಎಂದು ಎಲ್ಲರ ಬಾಯಲ್ಲಿದ್ದ ಜೀವನಾಂಶದ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಧರ್ಮ ಯಾವುದಾದರೂ ಹೆಂಡತಿ ತಾನಿರುವ ಊರಿನಲ್ಲಿಯೇ ಅರ್ಜಿ ಹಾಕಬಹುದು. ವಿಚ್ಛೇದನವಾಗಿ ಮರುಮದುವೆಯಾಗದವಳೂ ಕೇಳಬಹುದು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪ್ರಮಾಣ ಪತ್ರ ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ಗಂಡನ ಹೆಸರಿನ ಪಹಣಿ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಕೈಗೆ ಸಿಕ್ಕಾಗಲೇ ಕೂಡಿಸಿಡಿ.

ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೂ ಅವರ ಕಚೇರಿಯ ದಾರಿ ತೋರಿಸುತ್ತಾರೆ. ಮನೆಯಿಂದ ಹೊರಗೆ ಹಾಕದಂತೆ ಆದೇಶ, ರಕ್ಷಣೆ, ಹಣ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ತುರ್ತಾಗಿ 112, ಮಹಿಳಾ ಸಹಾಯವಾಣಿ 181. ನ್ಯಾಯಿಕ ಪ್ರತ್ಯೇಕತೆ ಎಂಬ ಇನ್ನೊಂದು ದಾರಿಯೂ ಇದೆ. ಬೇರೆ ಇರಬಹುದು, ಹೆಂಡತಿಯ ಸ್ಥಾನ ಉಳಿಯುತ್ತದೆ, ಮರುಮದುವೆ ಮಾತ್ರ ಆಗದು. ವಯಸ್ಸಾದ ಮೇಲೆ ಬೇರೆಯಾಗುವವರು ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ದೂರನ್ನು, ಅಂದರೆ ಹಿಂದಿನ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85, ನಡೆದದ್ದು ನಡೆದಿದ್ದರೆ ಹೆದರದೆ ಕೊಡಿ. ನಡೆಯದಿದ್ದರೆ ‘ಒತ್ತಡ ಹಾಕಲು’ ಎಂದು ಯಾರು ಹೇಳಿದರೂ ಕೊಡಬೇಡಿ. ಗಂಡನ ಅಕ್ಕ ತಂಗಿಯರ ಹೆಸರನ್ನೆಲ್ಲ ಸೇರಿಸಿದ ದೂರು ನಿಜವಾದ ನೋವನ್ನೂ ಹಗುರ ಮಾಡುತ್ತದೆ.

ಈ ಊರೋ, ಆ ಊರೋ

ನಮ್ಮ ಸಂಬಂಧಗಳು ಗಡಿ ನೋಡಿ ಆಗುವುದಿಲ್ಲ. ಬೀದರಿನವರು ಜಹೀರಾಬಾದಿಗೂ ಉದಗೀರಿಗೂ ಕೊಡುತ್ತಾರೆ, ಕಲಬುರಗಿಯವರು ಸೊಲ್ಲಾಪುರ, ಅಕ್ಕಲಕೋಟೆಗೆ, ಯಾದಗಿರಿಯವರು ನಾರಾಯಣಪೇಟೆಗೆ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನ ಪ್ರಕಾರ ಮದುವೆ ನಡೆದ ಊರು, ಎದುರುಪಕ್ಷದವರು ಇರುವ ಊರು, ಕೊನೆಯದಾಗಿ ಕೂಡಿ ಬಾಳಿದ ಊರು, ಇವುಗಳಲ್ಲಿ ಎಲ್ಲಾದರೂ ಅರ್ಜಿ ಹಾಕಬಹುದು. ಅರ್ಜಿದಾರಳು ಹೆಂಡತಿಯಾದರೆ ಈಗ ತಾನಿರುವ ಊರಿನಲ್ಲಿಯೂ ಹಾಕಬಹುದು. ಹಾಗಾಗಿ ತವರಿಗೆ ಬಂದ ಹೆಣ್ಣುಮಗಳು ಸೊಲ್ಲಾಪುರಕ್ಕೆ ಅಲೆಯಬೇಕಿಲ್ಲ. ಗಂಡ ಮೊದಲೇ ಅಲ್ಲಿ ಹಾಕಿದ್ದರೆ ಹೊರರಾಜ್ಯದಿಂದ ಇಲ್ಲಿಗೆ ವರ್ಗಾಯಿಸಲು ಸುಪ್ರೀಂ ಕೋರ್ಟಿಗೆ, ರಾಜ್ಯದೊಳಗೇ ಆದರೆ ಹೈಕೋರ್ಟಿಗೆ ಕೇಳಬೇಕು.

ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಇದೇ ಅರ್ಜಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಮೇಲ್ಮನವಿಗೆ ಬೆಂಗಳೂರಿಗೆ ಹೋಗುವ ಕಾಲ ಕಳೆಯಿತು. 2008ರಲ್ಲಿ ಸಂಚಾರಿ ಪೀಠವಾಗಿ ಬಂದ ಹೈಕೋರ್ಟ್ 2013ರಿಂದ ಕಲಬುರಗಿಯಲ್ಲಿ ಕಾಯಂ ಪೀಠವಾಗಿದೆ, ಬೀದರ್ ಮತ್ತು ಯಾದಗಿರಿಯವರಿಗೂ ಅದೇ. ಊರನ್ನು ಆರಿಸುವಾಗ ಬಸ್ಸಿನ ಲೆಕ್ಕವನ್ನೂ ಹಾಕಿ. ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕೊನೆಯ ತಾರೀಖುಗಳಿಗೆ ತಂಗಿ ಟಿಕೆಟಿನ ಹಣ ಕೊಡಲಿಲ್ಲ. ಅದೇ ತಾರೀಖು ಗಡಿಯಾಚೆ ಇದ್ದಿದ್ದರೆ ಆ ಅನುಕೂಲ ಇರುತ್ತಿರಲಿಲ್ಲ.

ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದ ಕುಟುಂಬಗಳಿಗೆ ಒಂದು ಎಚ್ಚರಿಕೆ. ಹಳೆಯ ವಿಳಾಸಕ್ಕೆ ಹೋದ ನೋಟಿಸು ಮರಳಿ, ಏಕಪಕ್ಷೀಯ ಡಿಕ್ರಿ ಆಗಿಬಿಡುವುದುಂಟು. ಗೊತ್ತಾದ ಕೂಡಲೇ, ಮೂವತ್ತು ದಿನದೊಳಗೆ, ಅದನ್ನು ರದ್ದು ಮಾಡಿಸಲು ಅರ್ಜಿ ಹಾಕಿ.

ವಕೀಲರು

ನಮ್ಮ ಮೊದಲ ವಕೀಲರು ಹೆಸರುವಾಸಿ. ಕಚೇರಿಯ ಹೊರಗೆ ಚಪ್ಪಲಿಗಳ ರಾಶಿ ನೋಡಿಯೇ ನಮಗೆ ನಂಬಿಕೆ ಬಂದಿತ್ತು. ಅವರು ನಮ್ಮೊಡನೆ ಮಾತನಾಡಿದ್ದು ಹತ್ತು ನಿಮಿಷ. ಉಳಿದದ್ದನ್ನು ಗುಮಾಸ್ತರು ಕೇಳಿ ಬರೆದುಕೊಂಡರು. ಎರಡು ವಾರದ ನಂತರ ಇಂಗ್ಲಿಷಿನಲ್ಲಿ ಹನ್ನೊಂದು ಪುಟದ ಅರ್ಜಿ ಸಿದ್ಧವಾಗಿತ್ತು. ಪೆನ್ಸಿಲ್ ಗುರುತು ಹಾಕಿದ ಕಡೆಯಲ್ಲೆಲ್ಲ ತಂಗಿ ಸಹಿ ಮಾಡಿದಳು. ಜೊತೆಗೆ ‘ಮುಂದೆ ಬೇಕಾಗುತ್ತದೆ’ ಎಂದು ಎರಡು ಖಾಲಿ ಹಾಳೆಗೂ ಮಾಡಿಸಿಕೊಂಡರು. ನಾನು ಪಕ್ಕದಲ್ಲಿಯೇ ನಿಂತಿದ್ದೆ, ಬೇಡ ಎನ್ನಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ.

2022ರಲ್ಲಿ ಪಾಟಿ ಸವಾಲಿನ ದಿನ ಒಳಗೆ ನಡೆದದ್ದನ್ನು ಅವಳು ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಹೇಳಿದಳು. ಎದುರಿನ ವಕೀಲರು ಕೇಳಿದ್ದು: ‘ಏಳನೇ ಪ್ಯಾರಾದಲ್ಲಿ ಗಂಡ ದಿನಾಲೂ ಕುಡಿದು ಬಂದು ಹೊಡೆಯುತ್ತಿದ್ದರು ಎಂದು ಬರೆದಿದ್ದೀರಿ, ಹೌದೇನಮ್ಮಾ?’ ಇವಳು ಹೇಳಿದ್ದು: ‘ಇಲ್ಲ ಸಾಹೇಬರೇ, ಅವರು ಕುಡಿಯುವುದಿಲ್ಲ.’ ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರಂತೆ. ಅವಳ ನಿಜವಾದ ದುಃಖ ಬೇರೆ ಇತ್ತು. ಹೆರಿಗೆಗೆ ಆಸ್ಪತ್ರೆಗೆ ಸೇರಿಸಿ ಹೋದವರು ನಾಲ್ಕು ದಿನ ತಿರುಗಿ ನೋಡಲಿಲ್ಲ, ಅವಳ ಹೊಲಿಗೆಯ ದುಡಿಮೆಯನ್ನೆಲ್ಲ ತೆಗೆದುಕೊಂಡು ಬಸ್ಸಿನ ಹಣಕ್ಕೂ ಕೈ ಚಾಚುವಂತೆ ಮಾಡಿದ್ದರು. ಅದರಲ್ಲಿ ಒಂದು ಸಾಲೂ ಆ ಹನ್ನೊಂದು ಪುಟಗಳಲ್ಲಿ ಇರಲಿಲ್ಲ. ‘ಅಕ್ಕಾ, ನಾನು ಸುಳ್ಳು ಹೇಳಿದವಳಾದೆನಲ್ಲ’ ಎಂದು ಅತ್ತಳು.

ಆದ್ದರಿಂದ ನನ್ನ ಮಟ್ಟಿಗೆ ವಕೀಲರನ್ನು ಅಳೆಯುವ ಕೋಲು ಒಂದೇ. ಸಹಿಗೆ ಮುಂಚೆ ಇಡೀ ಅರ್ಜಿಯನ್ನು ನಿಮ್ಮ ಎದುರು ಕುಳಿತು ಕನ್ನಡದಲ್ಲಿ ಓದಿ ಹೇಳುತ್ತಾರೆಯೇ? ನಮ್ಮ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡವೇ, ಕನ್ನಡದಲ್ಲಿಯೇ ಅರ್ಜಿ ಬರೆಯಿರಿ ಎಂದು ಕೇಳಲು ನಿಮಗೆ ಸಂಕೋಚ ಬೇಡ. ಓದಿ ಹೇಳಲು ಸಮಯ ಇಲ್ಲ ಎನ್ನುವವರು ಎಷ್ಟೇ ದೊಡ್ಡವರಾಗಿರಲಿ, ನಮಸ್ಕಾರ ಹೇಳಿ ಎದ್ದು ಬನ್ನಿ.

ಹಿರಿಯ ವಕೀಲರೆಲ್ಲರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಆಸ್ತಿ ಸಿಕ್ಕು ಹೆಚ್ಚಿದ್ದರೆ, ಮೇಲ್ಮನವಿಗೆ ಹೋಗಬೇಕಾದರೆ ಅವರ ಅನುಭವ ಬೇಕು. ಆದರೆ ತಾರೀಖಿಗೆ ಬರುವವರು ಅವರೋ ಅವರ ಕಿರಿಯರೋ ಎಂದು ಮೊದಲೇ ಕೇಳಿ, ಆ ಕಿರಿಯರನ್ನೂ ಭೇಟಿಯಾಗಿ. ದಿನವೂ ಕೌಟುಂಬಿಕ ನ್ಯಾಯಾಲಯದಲ್ಲಿಯೇ ಇರುವ ನಡುವಯಸ್ಸಿನ ವಕೀಲರು ಒಪ್ಪಿಗೆಯ ಅರ್ಜಿಗೆ ಸಾಕು, ಎಷ್ಟೋ ಸಲ ಅವರೇ ಮೇಲು. ಸಂಬಂಧಿಕರೇ ವಕೀಲರಾಗಿದ್ದರೆ ಫೀಸು ಕಡಿಮೆಯಾಗಬಹುದು, ಆದರೆ ಬೀಗರ ಮನೆಯ ಮದುವೆಗೂ ಹೋಗುವವರಿಗೆ ನೀವು ಎಲ್ಲವನ್ನೂ ಬಿಚ್ಚಿ ಹೇಳಬಲ್ಲಿರಾ? ಕೆಲಸವನ್ನು ಕೆಡಿಸದಿದ್ದರೂ ಬಾಯಿಯನ್ನು ಕಟ್ಟುತ್ತದೆ ಆ ನಂಟು. ಕೋರ್ಟಿನ ಗೇಟಿನಲ್ಲಿ ‘ಬನ್ನಿ, ಸಾಹೇಬರ ಹತ್ತಿರ ಕರೆದುಕೊಂಡು ಹೋಗುತ್ತೇನೆ’ ಎನ್ನುವ ದಲ್ಲಾಳಿಗಳ ಬಗ್ಗೆ ಹೇಳುವುದು ಒಂದೇ ಮಾತು: ಹೋಗಬೇಡಿ. ಮೊಬೈಲಿನಲ್ಲಿ ‘ನಂಬರ್ ಒನ್ ವಿಚ್ಛೇದನ ವಕೀಲ’ ಎಂದು ಬರುವ ಜಾಹೀರಾತನ್ನೂ ನಂಬಬೇಡಿ. ವಕೀಲರು ಜಾಹೀರಾತು ಕೊಡುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ.

ನಮ್ಮ ಎರಡನೇ ವಕೀಲರು ಸಿಕ್ಕಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಉಳಿದ ಗಂಡಸರಿಗೆ ಆದಾಯದ ಮಿತಿ ಇದೆ. ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ, ಸಹಾಯವಾಣಿ 15100. ‘ಪುಕ್ಕಟೆ ವಕೀಲರು ಮನಸ್ಸಿಟ್ಟು ಮಾಡುವುದಿಲ್ಲ’ ಎಂದು ಊರೆಲ್ಲ ಹೇಳುತ್ತದೆ. ನಮಗೆ ಸಿಕ್ಕ ಹೆಣ್ಣುಮಗಳು ಮೂವತ್ತೈದು ದಾಟಿರಲಿಲ್ಲ. ಮೊದಲ ದಿನ ತಂಗಿಗೆ ನೀರು ಕೊಟ್ಟು, ಒಂದೂವರೆ ಗಂಟೆ ಕೂರಿಸಿಕೊಂಡು ಕೇಳಿ, ಕೊನೆಗೆ ಕೇಳಿದ್ದು: ‘ನಿಮಗೆ ಅವರನ್ನು ಸೋಲಿಸಬೇಕೋ, ಮಗಳನ್ನು ಓದಿಸಬೇಕೋ?’ ಮಧ್ಯಸ್ಥಿಕೆ ಕೇಂದ್ರದ ಮೂರು ಬೈಠಕ್ಕಿನಲ್ಲಿ ಮಾತು ಮುಗಿಯಿತು. ಎಲ್ಲರಿಗೂ ಅಂಥವರೇ ಸಿಗುತ್ತಾರೆ ಎನ್ನಲಾರೆ. ಕೊಟ್ಟ ವಕೀಲರು ತಾರೀಖಿಗೆ ಬರದಿದ್ದರೆ, ಹಣ ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಕೊಟ್ಟು ಬದಲಿಸಿಕೊಳ್ಳಬಹುದು. ಉಚಿತ ವಕೀಲರು ಕಕ್ಷಿದಾರರಿಂದ ಫೀಸು ತೆಗೆದುಕೊಳ್ಳುವಂತಿಲ್ಲ.

ವಕೀಲರ ಅನುಭವವನ್ನು ನೀವೇ ನೋಡುವ ಉಪಾಯವೂ ಇದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿ ಹುಡುಕಿದರೆ ಅವರು ನಡೆಸುತ್ತಿರುವ ಪ್ರಕರಣಗಳು ಕಾಣುತ್ತವೆ. ಎಂ.ಸಿ. ಎಂದಿದ್ದರೆ ವೈವಾಹಿಕ ಪ್ರಕರಣ. ನಿಮ್ಮ ಪ್ರಕರಣ ದಾಖಲಾದ ಮೇಲೆ ಅದರ ಹದಿನಾರು ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ತಾರೀಖು ಯಾವಾಗ, ಇವತ್ತು ಏನಾಯಿತು ಎಂಬುದಕ್ಕೆ ಯಾರ ಕೈ ಕಾಲನ್ನೂ ಹಿಡಿಯಬೇಕಿಲ್ಲ.

ಗಂಡಸರಿಗೂ ಒಂದು ಮಾತು. ನೋಟಿಸು ಬಂದ ಕೂಡಲೇ ಕೆಲಸ ಬಿಡು, ಹೊಲವನ್ನು ತಮ್ಮನ ಹೆಸರಿಗೆ ಮಾಡು ಎಂದು ಸಲಹೆ ಕೊಡುವವರು ಸಿಗುತ್ತಾರೆ. ಆದಾಯದ ಪ್ರಮಾಣ ಪತ್ರದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವರ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಮಗುವನ್ನು ನೋಡುವ ಹಕ್ಕು ನಿಮಗಿದೆ, ಅದನ್ನು ವಾರ, ಸಮಯ, ಜಾಗದ ಸಮೇತ ಮೊದಲ ಅರ್ಜಿಯಲ್ಲಿಯೇ ಕೇಳುವ ವಕೀಲರನ್ನು ಹಿಡಿಯಿರಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಕಾನೂನು ಹೇಳಿದರೂ ಭೇಟಿಗೆ ಅದು ಅಡ್ಡಿಯಲ್ಲ.

ಫೀಸು

ಒಪ್ಪಿಗೆಯ ಅರ್ಜಿಗೆ ಒಟ್ಟು ಮೊತ್ತ ಮಾತನಾಡಿಕೊಳ್ಳಿ. ತಕರಾರಿನ ಅರ್ಜಿಗೆ ಹಂತಕ್ಕೆ ಇಷ್ಟು ಎಂದು ಮಾಡಿಕೊಳ್ಳುವುದು ನನ್ನ ಪ್ರಕಾರ ಒಳ್ಳೆಯದು, ಅರ್ಜಿಗೆ, ಸಾಕ್ಷಿಗೆ, ವಾದಕ್ಕೆ. ತಾರೀಖಿಗೆ ಇಷ್ಟು ಎಂಬ ಒಪ್ಪಂದದಲ್ಲಿ ತಾರೀಖುಗಳು ಹೆಚ್ಚಿದಷ್ಟೂ ನಿಮ್ಮ ಕೈ ಖಾಲಿ. ವೈವಾಹಿಕ ಅರ್ಜಿಯ ಕೋರ್ಟ್ ಶುಲ್ಕ ಅಲ್ಪ, ‘ಕೋರ್ಟಿಗೆ ಕಟ್ಟಬೇಕು’ ಎಂದು ದೊಡ್ಡ ಮೊತ್ತ ಕೇಳಿದರೆ ರಸೀದಿ ಕೇಳಿ. ಬರುವ ಪರಿಹಾರದಲ್ಲಿ ಇಷ್ಟು ಪಾಲು ಕೊಡಿ ಎನ್ನುವುದು ವಕೀಲರ ನಡತೆಯ ನಿಯಮಕ್ಕೆ ವಿರುದ್ಧ. ವಕೀಲರನ್ನು ಬದಲಿಸಬೇಕೆಂದರೆ ಬಾಕಿ ಫೀಸಿನ ನೆಪದಲ್ಲಿ ನಿಮ್ಮ ಕಾಗದಗಳನ್ನು ಅವರು ಹಿಡಿದಿಟ್ಟುಕೊಳ್ಳುವಂತಿಲ್ಲ, 2000ದಲ್ಲಿಯೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ನಮ್ಮ ಖಾಲಿ ಹಾಳೆಗಳನ್ನು ಬಿಡಿಸಿಕೊಳ್ಳುವುದಕ್ಕೆ ಈ ಮಾತೇ ಸಾಕಾಯಿತು.

ಇಡಿಗಂಟೋ, ತಿಂಗಳ ಹಣವೋ

ಗಂಡನಿಗೆ ಸರ್ಕಾರಿ ಅಥವಾ ಕಾಯಂ ಸಂಬಳ ಇದ್ದರೆ ತಿಂಗಳ ಜೀವನಾಂಶವನ್ನು ನೆಚ್ಚಿಕೊಳ್ಳಬಹುದು. ಲಾರಿ, ಗುತ್ತಿಗೆ, ಹೊಲದ ಆದಾಯವಾದರೆ ಇಡಿಗಂಟೇ ವಾಸಿ ಎಂದು ನಾನು ಹೇಳುತ್ತೇನೆ, ಮೊತ್ತ ಸ್ವಲ್ಪ ಇಳಿದರೂ ಸರಿ. ತಿಂಗಳ ಹಣ ನಿಂತರೆ ವಸೂಲಿಗೆ ಅರ್ಜಿ ಹಾಕಬೇಕು, ಅದೂ ಬಾಕಿ ಬಿದ್ದ ಒಂದು ವರ್ಷದೊಳಗೆ. ‘ನೋಡೋಣ’ ಎಂದು ಕಾದವರು ಹಳೆಯ ಬಾಕಿಯನ್ನು ಕಳೆದುಕೊಂಡಿದ್ದಾರೆ. ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ‘ಮಗಳಿಗೂ ಇನ್ನು ಮುಂದೆ ಏನೂ ಕೇಳುವುದಿಲ್ಲ’ ಎಂದು ಬರೆಸಿಕೊಳ್ಳಲು ಬಂದರೆ ಆ ಸಾಲನ್ನು ಹೊಡೆಸಿ. ಮಗಳ ಪಾಲನ್ನು ಅವಳ ಹೆಸರಿನ ಠೇವಣಿಯಾಗಿ ಬೇರೆ ಇಡಿಸಿ, ನಾವು ಹಾಗೆ ಮಾಡಿಸಿದೆವು.

ಬಂಗಾರದ ವಿಷಯಕ್ಕೆ ನಮ್ಮನ್ನು ಕಾಪಾಡಿದ್ದು ಅವ್ವನ ನೋಟ್‌ಬುಕ್. ಬೋರಮಾಳ ಎರಡು ತೊಲ, ಪಾಟಲಿ ಮೂರು ತೊಲ, ಜುಮಕಿ ಅರ್ಧ ತೊಲ ಎಂದು ಮದುವೆಯ ವಾರದಲ್ಲಿಯೇ ಬರೆದು, ಅಂಗಡಿಯ ರಸೀದಿಗಳನ್ನು ಅನ್ನದ ಅಂಟಿನಿಂದ ಪುಟಕ್ಕೆ ಅಂಟಿಸಿದ್ದಳು. ಎದುರಿನವರು ‘ಮೂರು ತೊಲ ಇತ್ತು’ ಎಂದಾಗ ಮಧ್ಯಸ್ಥಿಕೆದಾರರು ಆ ಪುಟವನ್ನು ಅವರ ಕಡೆಗೆ ತಿರುಗಿಸಿ ಇಟ್ಟರು. ಮುಂದಿನ ಬೈಠಕ್ಕಿಗೆ ಐದೂವರೆ ತೊಲವೂ ಬಂತು.

ಡಿಕ್ರಿ ಆದ ಮೇಲೆ

ಮರುಮದುವೆಗೆ ಆತುರ ಬೇಡ, ಮೇಲ್ಮನವಿಯ ಅವಧಿ ಮುಗಿಯಲಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು ತೊಂಬತ್ತು ದಿನ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಮೂವತ್ತು. ತೊಂಬತ್ತನ್ನೇ ಹಿಡಿಯಿರಿ. ಡಿಕ್ರಿಯ ದೃಢೀಕೃತ ನಕಲನ್ನು ಒಂದಕ್ಕೆ ನಿಲ್ಲಿಸದೆ ಮೂರು ನಾಲ್ಕು ತೆಗೆಸಿ. ರೇಷನ್ ಕಾರ್ಡಿನಿಂದ ಹೆಸರು ಬೇರೆ ಮಾಡಿಸಲು, ಬ್ಯಾಂಕಿನಲ್ಲಿ ನಾಮಿನಿ ಬದಲಿಸಲು ಎಲ್ಲ ಕಡೆಯೂ ಅದನ್ನೇ ಕೇಳುತ್ತಾರೆ. ಸಾಕ್ಷಿಯಾಗಿ ಹಾಜರುಪಡಿಸಿದ ಮೂಲ ಕಾಗದಗಳು ನ್ಯಾಯಾಲಯದ ಕಡತದಲ್ಲಿಯೇ ಉಳಿದಿರುತ್ತವೆ, ಅವನ್ನು ವಾಪಸ್ಸು ಪಡೆಯಲು ಬೇರೆ ಅರ್ಜಿ ಹಾಕಬೇಕು. ನಾವು ಮರೆತಿದ್ದೆವು. ತಂಗಿಯ ಮಗಳನ್ನು ಒಂದನೇ ತರಗತಿಗೆ ಸೇರಿಸುವ ದಿನ ಹೆಡ್ಮಾಸ್ತರರು ಜನನ ಪ್ರಮಾಣ ಪತ್ರದ ಮೂಲ ಪ್ರತಿ ಕೇಳಿದಾಗ ನೆನಪಾಯಿತು. ಮರುದಿನ ಬೆಳಿಗ್ಗೆ ಇಬ್ಬರೂ ಮತ್ತೆ ಕಲಬುರಗಿಯ ಬಸ್ಸು ಹಿಡಿದೆವು.